ಬಿದ್ರಿ ಹೂಜಿಯ ಕಪ್ಪು ಫೋಟೊದಲ್ಲಿ ಬೂದಿ, ಅಚ್ಚಿನಲ್ಲಿ ಮಸಿ: ಎಲ್ಲಿ ತಪ್ಪುತ್ತಿದ್ದೇನೆ?

ಚೌಬಾರಾ_ಹುಡುಗಿ (ಬೀದರ್)

ಎಲ್ಲರಿಗೂ ಶರಣು. ನಾನು ಬೀದರ್‌ನವಳು, ಕಲಬುರಗಿಯಲ್ಲಿ ಪತ್ರಿಕೋದ್ಯಮ ಓದುತ್ತಿದ್ದೇನೆ. ಈ ಸೆಮಿಸ್ಟರ್‌ನಲ್ಲಿ ನಾವೇ ಬರೆದು, ಫೋಟೊ ತೆಗೆದು, ಪುಟ ಕಟ್ಟಿ ಎಂಟು ಪುಟದ ಪತ್ರಿಕೆ ತರಬೇಕು. ನಡುವಿನ ಎರಡು ಪುಟ ನನ್ನ ಪಾಲಿಗೆ ಬಂದಿವೆ, ವಿಷಯ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಬಿದ್ರಿ ಕಲೆ. ಹೋದ ಭಾನುವಾರ ಚೌಬಾರಾ ಹತ್ತಿರ ನಮ್ಮ ಪರಿಚಯದ ಕುಶಲಕರ್ಮಿಯೊಬ್ಬರ ಕಾರ್ಖಾನೆಯಲ್ಲಿ ಕೂತು ಸುಮಾರು ಇನ್ನೂರು ಫೋಟೊ ತೆಗೆದೆ. ಒಂದೂ ಮನಸ್ಸಿಗೆ ಬರುತ್ತಿಲ್ಲ.

ಹೂಜಿ ಕಣ್ಣಿಗೆ ಕಾಡಿಗೆಯಂಥ ಕಪ್ಪು. ಫೋಟೊದಲ್ಲಿ ನೋಡಿದರೆ ಒಲೆಯ ಬೂದಿ. ಅದರ ಮೇಲಿನ ಬೆಳ್ಳಿ ಬಳ್ಳಿಯಲ್ಲಿ ಎಲೆ ಯಾವುದು, ಕಾಂಡ ಯಾವುದು ತಿಳಿಯದಷ್ಟು ಬಿಳಿ ಸುಟ್ಟುಹೋಗಿದೆ. ಎಡಿಟಿಂಗ್‌ನಲ್ಲಿ ಶ್ಯಾಡೋ ಸ್ಲೈಡರ್ ಪೂರ್ತಿ ಎಳೆದೆ, ಕಪ್ಪಿನ ತುಂಬ ರವೆ ಚೆಲ್ಲಿದಂತೆ ಕಾಳು ಕಾಳು ಬಂತು. ಇನ್ನೊಂದು ತಟ್ಟೆಯ ಫೋಟೊದಲ್ಲಂತೂ ಬೆಳ್ಳಿಗೂ ಲೋಹಕ್ಕೂ ವ್ಯತ್ಯಾಸವೇ ಇಲ್ಲ, ಎಲ್ಲ ಒಂದೇ ಬೂದು.

ಮಾದರಿಗೆಂದು ಒಂದು ಪುಟ ಪ್ರೆಸ್ಸಿಗೆ ಕೊಟ್ಟಿದ್ದೆ. ಫೋಟೊಗಳು ಮಸಿ ಮೆತ್ತಿದಂತೆ ಬಂದವು. ಅದಕ್ಕಿಂತ ಸಂಕಟವಾದದ್ದು ಅಕ್ಷರ ನೋಡಿ. ಪ್ರತಿ ಸಾಲಿಗೂ ಕೆಂಪು, ನೀಲಿ ನೆರಳು. ಆ ಕುಶಲಕರ್ಮಿಯ ಹೆಸರಿನ ಒತ್ತಕ್ಷರ ಒಡೆದು ಪಕ್ಕಕ್ಕೆ ಬಿದ್ದಿದೆ. ಇಡೀ ದಿನ ಕೂರಿಸಿಕೊಂಡು ತೋರಿಸಿದವರಿಗೆ ಈ ಪುಟ ಹೇಗೆ ಕೊಡಲಿ?

ಡಿಎಸ್‌ಎಲ್‌ಆರ್, 18-55 ಲೆನ್ಸ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೊ, ಬಹುತೇಕ 3200 ಆಗಿತ್ತು. ಪುಟ ಪೂರ್ತಿ ಫೋಟೊಶಾಪ್‌ನಲ್ಲೇ ಮಾಡಿದ್ದು. ಎಂಟು ದಿನದಲ್ಲಿ ಒಪ್ಪಿಸಬೇಕು.

ಪುಟಕಟ್ಟುವವ (ಕಲಬುರಗಿ)

ತಂಗಿ, ಮೂರು ಮಾತು ಮದಲ ಹೇಳು. ಫ್ಲಾಶ್ ಹಾಕಿದ್ದೇನು? ರಾ ಫೈಲ್ (ಕ್ಯಾಮೆರಾದ ಮೂಲ ಫೈಲ್) ಅವ ಏನು, ಬರೇ ಜೆಪೆಗ್ಗಾ? ಆ ತಟ್ಟಿಗಿ ಕಪ್ಪು ಮಾಡೋ ಕೋಟಿ (ಕಿಲ್ಲಾ) ಮಣ್ಣು ಹಚ್ಚಿದ ಮ್ಯಾಲಿನ ಫೋಟೊನೋ, ಹಚ್ಚೋಕಿಂತ ಮದಲಿಂದೋ?

ಚೌಬಾರಾ_ಹುಡುಗಿ

ಅಣ್ಣಾ, ಫ್ಲಾಶ್ ತಾನಾಗಿ ಏಳುತ್ತಿತ್ತು, ಬಿಟ್ಟೆ. ಮೇಲೆ ಟ್ಯೂಬ್‌ಲೈಟೂ ಇತ್ತು. ರಾ ಮತ್ತು ಜೆಪೆಗ್ ಎರಡೂ ಇವೆ. ತಟ್ಟೆಯನ್ನು ಉಜ್ಜಿ ಇಟ್ಟಿದ್ದರು, ಮಣ್ಣು ನಾಳೆ ಹಚ್ಚುತ್ತೇವೆ ಎಂದಿದ್ದರು.

ಪುಟಕಟ್ಟುವವ

ಹಂಗಂದ್ರ ತಟ್ಟಿ ಫೋಟೊದಾಗ ನಿಂದೇನೂ ತಪ್ಪಿಲ್ಲ. ಅದು ಖರೆನೇ ಹಂಗೇ ಇತ್ತು. ಅದನ್ನ ಮದಲ ಹೇಳ್ತೀನಿ, ಯಾಕಂದ್ರ ಕರ್ವ್ ಎಳದು ಅದನ್ನ ಕಪ್ಪು ಮಾಡ್ಲಿಕ್ಕೆ ಹೋಗ್ತಿದ್ದಿ ಅಂತ ಅನಸ್ತದ.

ಬಿದ್ರಿ ಲೋಹ ಅಂದ್ರ ಬಹುಪಾಲು ಸತು, ಅದ್ರಾಗ ಸ್ವಲ್ಪ ತಾಮ್ರ. ಸಾಮಾನ್ಯವಾಗಿ 16 ಪಾಲಿಗಿ 1 ಪಾಲು. ಎರಕ ಹೊಯ್ದು, ಅರ ಹಾಕಿ ನುಣ್ಣಗ ಮಾಡಿದ ಮ್ಯಾಲ ಮೈಲುತುತ್ತದ ನೀರು ಹಚ್ಚತಾರ. ಅದು ತಾತ್ಕಾಲಿಕ ಕಪ್ಪು. ಉಳಿ ಹಿಡದು ಗೀರಿದ್ರ ಗೆರಿ ಬೆಳ್ಳಗ ಎದ್ದು ಕಾಣಸ್ತದ, ಅದಕ್ಕೇ ಆ ಕಪ್ಪು. ಆ ಗೆರಿಯೊಳಗ ಬೆಳ್ಳಿ ತಂತಿ ಕೂಡಿಸಿ, ಬಡದು, ಆಮ್ಯಾಲ ಉಜ್ಜಿ ಮೈಲುತುತ್ತದ ಕಪ್ಪೆಲ್ಲಾ ತೆಗೀತಾರ. ನೀನು ಹೋಗಿದ್ದು ಆ ಹೊತ್ತಿಗಿ. ಆಗ ಲೋಹನೂ ಹೊಳೀತದ, ಬೆಳ್ಳಿನೂ ಹೊಳೀತದ, ಕಣ್ಣು ಸಣ್ಣ ಮಾಡಿ ನೋಡಿದ್ರೂ ಹೂವು ಹುಡುಕಬೇಕಾಗ್ತದ. ಮರುದಿನ ಬೀದರ್ ಕೋಟಿ ಮಣ್ಣು, ನವಸಾಗರ (ಒಂದು ಥರದ ಉಪ್ಪು) ಕಲಸಿ ಬಿಸಿ ಮಾಡಿದ ತಟ್ಟಿಗಿ ಹಚ್ಚಿದಾಗ ಲೋಹ ಒಂದೇ ಕಪ್ಪಾಗ್ತದ, ಬೆಳ್ಳಿಗಿ ಏನೂ ಆಗಂಗಿಲ್ಲ.

ಅದಕ್ಕ ಆ ಬೂದು ತಟ್ಟಿ ಹಂಗೇ ಇರ್ಲಿ. ಅದೇ ತಟ್ಟಿ, ಅದೇ ಜಾಗ, ಅದೇ ಬೆಳಕಿನಾಗ ಮಣ್ಣು ತೊಳದ ಮ್ಯಾಲ ಇನ್ನೊಂದು ತೆಗಿ. ಎರಡನ್ನೂ ಒಂದೇ ಅಳತಿಯೊಳಗ ಮಗ್ಗಲಾ ಮಗ್ಗಲ ಕೂಡಿಸು. ನಿನ್ನ ನಡುಪುಟಕ್ಕ ಇದಕ್ಕಿಂತ ಚಂದದ ಜೋಡಿ ಸಿಗಂಗಿಲ್ಲ. ಎಡಿಟಿಂಗ್‌ದಾಗ ಕಪ್ಪು ಮಾಡಿದ್ರ ಓದೋರಿಗಿ ಇಲ್ಲದ್ದು ತೋರಿಸಿದಂಗ, ಅದು ಪತ್ರಿಕಿ ಕೆಲಸ ಅಲ್ಲ.

ಇನ್ನ ಹೂಜಿ. ಕ್ಯಾಮೆರಾದ ಮೀಟರ್‌ಗಿ ಮುಂದಿರೋದು ಕಪ್ಪೋ ಬಿಳುಪೋ ಗೊತ್ತಾಗಂಗಿಲ್ಲ. ಎದುರಿಗಿ ಏನಿದ್ರೂ ಅದನ್ನ ನಡುಬೂದಿ ಮಾಡ್ಲಿಕ್ಕೆ ನೋಡ್ತದ. ಫ್ರೇಮ್ ತುಂಬ ಕಪ್ಪು ಹೂಜಿ ಇದ್ರ, ಕತ್ತಲದ ಅಂತ ತಿಳ್ಕೊಂಡು ಬೆಳಕು ಹೆಚ್ಚಿಗಿ ತಗೋತದ. ಕಪ್ಪು ಬೂದಿ ಆಗೋದೂ, ಬೆಳ್ಳಿ ಸುಡೋದೂ ಎರಡೂ ಆ ಒಂದೇ ಕಾರಣಕ್ಕ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಬೆಳಕು ಹೆಚ್ಚು ಕಡಿಮಿ ಮಾಡೋ ಸೆಟಿಂಗ್) ಮೈನಸ್ 1ರಿಂದ ಶುರು ಮಾಡು, ಬೇಕಾದ್ರ ಮೈನಸ್ 2ರ ತನಕ ಹೋಗು. ಸ್ಕ್ರೀನ್‌ದಾಗ ಹೈಲೈಟ್ ಮಿಣುಕೋದು ಆನ್ ಮಾಡ್ಕೊ. ಬೆಳ್ಳಿ ಮಿಣುಕೋದು ನಿಂತ ಕಡಿ ನಿನ್ನ ಎಕ್ಸ್‌ಪೋಷರ್. ಐಎಸ್‌ಒ 100, ಎಫ್/8, ಟ್ರೈಪಾಡ್, 2 ಸೆಕೆಂಡ್ ಟೈಮರ್. ಶಟರ್ ಅರ್ಧ ಸೆಕೆಂಡ್ ಆದ್ರೂ ಚಿಂತಿಲ್ಲ, ಹೂಜಿ ಓಡಿಹೋಗಂಗಿಲ್ಲ.

ಬೆಳಕಿನ ಮಾತು ನನಗಿಂತ ಯಾದಗಿರಿ ಅಕ್ಕಾರಿಗಿ ಛಂದ ಗೊತ್ತದ. ಅವರ ಬರೀಲಿ.

ಯಾದಗಿರಿ_ಅಕ್ಕ

ಇಪ್ಪತ್ತು ವರ್ಷದಿಂದ ಮದುವೆ ಒಡವೆ, ಬೆಳ್ಳಿ ಸಾಮಾನು ತೆಗೆಯುತ್ತಿದ್ದೇನೆ ತಂಗಿ. ಒಂದು ಮಾತು ನೆನಪಿಟ್ಟುಕೋ. ಹೊಳೆಯುವ ಲೋಹದ ಫೋಟೊ ಎಂದರೆ ಆ ಲೋಹ ಏನನ್ನು ನೋಡುತ್ತಿದೆಯೋ ಅದರ ಫೋಟೊ. ನಿನ್ನ ಬೆಳ್ಳಿ ಎಲೆ ನೋಡಿದ್ದು ಪುಟ್ಟ ಫ್ಲಾಶನ್ನು. ಒಂದು ಚುಕ್ಕೆ ಬೆಂಕಿಯಂತೆ ಹೊಳೆದು ಉಳಿದದ್ದೆಲ್ಲ ಮಂಕಾಯಿತು.

ಫ್ಲಾಶ್ ಮುಚ್ಚು. ಟ್ಯೂಬ್‌ಲೈಟೂ ಆರಿಸು. ಕಿಟಕಿಯ ಬಿಳಿಗೆ ಟ್ಯೂಬಿನ ಹಸಿರು ಸೇರಿದರೆ ಬೆಳ್ಳಿಯ ಬಣ್ಣ ಆಮೇಲೆ ಯಾವ ವೈಟ್ ಬ್ಯಾಲೆನ್ಸ್‌ಗೂ ಸರಿಹೋಗುವುದಿಲ್ಲ. ಕಿಟಕಿ ಒಂದೇ ಇರಲಿ, ಅದಕ್ಕೆ ಬಟರ್ ಪೇಪರ್ ಅಂಟಿಸು. ಹೂಜಿಯ ಇನ್ನೊಂದು ಮಗ್ಗುಲಲ್ಲಿ ಬಿಳಿ ಥರ್ಮಾಕೋಲ್ ಹಾಳೆ ನಿಲ್ಲಿಸು. ಕ್ಯಾಮೆರಾದ ಹಿಂದೆ ಕಪ್ಪು ಬಟ್ಟೆ ಕಟ್ಟು, ನೀನೂ ಕಡುಬಣ್ಣದ ಬಟ್ಟೆ ಹಾಕಿಕೊಂಡು ಹೋಗು. ಹೂಜಿಯ ಹೊಟ್ಟೆ ಗುಂಡಗೆ ಇರುತ್ತದೆ, ಇಡೀ ಕೋಣೆ ಅದರಲ್ಲಿ ಕಾಣುತ್ತದೆ. ನೀನು ಹಳದಿ ಕುರ್ತಾ ಹಾಕಿದ್ದರೆ ಅದೂ ಕಾಣುತ್ತದೆ.

ಈಗ ಮುಖ್ಯವಾದದ್ದು. ಕ್ಯಾಮೆರಾದಲ್ಲಿ ಕಣ್ಣಿಟ್ಟು, ಥರ್ಮಾಕೋಲ್ ಹಾಳೆಯನ್ನು ಗೆಳತಿಯ ಕೈಯಲ್ಲಿ ಒಂದೊಂದೇ ಬೆರಳಗಲ ಸರಿಸು ಎನ್ನು. ಒಂದು ಜಾಗಕ್ಕೆ ಬಂದಾಗ ಬಳ್ಳಿಯ ತುದಿಯಿಂದ ಎಲೆಗಳು ಒಂದರ ಹಿಂದೊಂದು ಹಾಲು ಹೊಯ್ದಂತೆ ಬೆಳ್ಳಗಾಗುತ್ತ ಹೋಗುತ್ತವೆ, ನಡುವಿನ ಕಪ್ಪು ಅಲ್ಲಾಡುವುದಿಲ್ಲ. ಅಲ್ಲಿ ನಿಲ್ಲಿಸು. ಹಾಳೆ ಇನ್ನೂ ಸರಿದರೆ ಕಪ್ಪೂ ಬೆಳಗತೊಡಗುತ್ತದೆ. ಆ ಎರಡರ ನಡುವೆ ಜಾಗ ಬಹಳ ಕಡಿಮೆ, ಅದನ್ನು ಹುಡುಕಲು ಅರ್ಧ ಗಂಟೆ ಹೋದರೂ ಹೋಗಲಿ. ಮೆತ್ತನೆ ಹತ್ತಿ ಬಟ್ಟೆಯಿಂದ ಒರೆಸಿ, ಬಟ್ಟೆಯಲ್ಲೇ ಹಿಡಿದು ಇಡು. ಬೆರಳಿನ ಗುರುತು ಕಪ್ಪಿನ ಮೇಲೆ ಎಡಿಟಿಂಗ್‌ನಲ್ಲಿ ಅಳಿಸುತ್ತ ಕೂತರೆ ರಾತ್ರಿ ಕಳೆಯುತ್ತದೆ.

ಚೌಬಾರಾ_ಹುಡುಗಿ

ಅಕ್ಕಾ, ಗೆಳತಿಯ ಬಳಿ ಪೋಲರೈಸರ್ ಫಿಲ್ಟರ್ ಇದೆ. ತರಲೇ?

ಯಾದಗಿರಿ_ಅಕ್ಕ

ಬೇಡ. ನೀರು, ಗಾಜು, ಎಣ್ಣೆ ಹಚ್ಚಿದ ಮೈಯ ಹೊಳಪನ್ನು ಅದು ತಗ್ಗಿಸುತ್ತದೆ, ಬರಿ ಲೋಹದ ಹೊಳಪಿಗೆ ಅದರ ಆಟ ನಡೆಯುವುದಿಲ್ಲ. ನಿನಗೆ ಬೇಕಾದದ್ದು ಥರ್ಮಾಕೋಲ್ ಹಾಳೆ. ಅಭ್ಯಾಸ ಬೇಕಿದ್ದರೆ ಮುಂದೆಂದಾದರೂ ಕೋಟೆಯ ರಂಗೀನ್ ಮಹಲಿನಲ್ಲಿ ಮಾಡು. ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ್ದಾರೆ, ಕಷ್ಟ ಇಂಥದ್ದೇ. ಟ್ರೈಪಾಡ್‌ಗೆ ಮೊದಲೇ ಅನುಮತಿ ಕೇಳು.

ಪುಟಕಟ್ಟುವವ

ಅಚ್ಚಿನ ಮಾತಿಗಿ ಬರೋಣ. ಇಲ್ಲಿ ಪ್ರೆಸ್‌ನೋರದು ತಪ್ಪಿಲ್ಲ, ಫೈಲ್‌ದಾಗೇ ಅದ.

ನೀನು ಪುಟ ಫೋಟೊಶಾಪ್‌ದಾಗ ಆರ್‌ಜಿಬಿಯೊಳಗ (ಸ್ಕ್ರೀನಿನ ಮೂರು ಬಣ್ಣ) ಕಟ್ಟಿದಿ. ಕಡೀಕ ಸಿಎಂವೈಕೆಗಿ (ಅಚ್ಚಿನ ನಾಕು ಶಾಯಿ) ತಿರುಗಿಸಿದಿ. ಫೋಟೊಶಾಪ್‌ದಾಗ ಹಳೇ ಅಮೆರಿಕನ್ ಸೆಟಿಂಗ್ ಹಂಗೇ ಬಿಟ್ಟಿದ್ರ, ಆರ್‌ಜಿಬಿಯ ಅಚ್ಚಕಪ್ಪು ಸಯಾನ್ 75, ಮಜೆಂಟಾ 68, ಹಳದಿ 67, ಕಪ್ಪು 90 ಆಗಿ ಒಡೀತದ. ಎಲ್ಲಾ ಶೇಕಡಾ ಲೆಕ್ಕ, ಕೂಡಿಸು: 300. ಅಂದ್ರ ನಿನ್ನ ಸಣ್ಣ ಅಕ್ಷರ ಒಂದೊಂದೂ ನಾಕು ಪ್ಲೇಟಿನಾಗ ಕೂತಾವ. ಯಾವ ಯಂತ್ರದಾಗೂ ನಾಕು ಪ್ಲೇಟು ಕೂದಲೆಳೆ ಅಗಲ ಸರೀತಾವ. ಆ ಕೂದಲೆಳೀನೇ ನೀ ಕಂಡ ಕೆಂಪು, ನೀಲಿ ನೆರಳು. ಕನ್ನಡಕ್ಕ ಇದು ಇನ್ನೂ ಭಾರ ಬೀಳ್ತದ, ಒತ್ತಿನೊಳಗಿನ ಸಣ್ಣ ಕಣ್ಣು ಮುಚ್ಚಿಹೋಗ್ತದ. ಅಕ್ಷರ ಯಾವಾಗ್ಲೂ ಕಪ್ಪು ಶಾಯಿ 100, ಉಳಿದ ಮೂರು ಸೊನ್ನಿ.

ಅದಕ್ಕ ಫೋಟೊಶಾಪ್ ಫೋಟೊಕ್ಕಷ್ಟೇ ಇಟ್ಕೊ. ಪುಟ ಇನ್‌ಡಿಸೈನ್‌ದಾಗ ಕಟ್ಟು, ಇಲ್ಲಾ ಸ್ಕ್ರೈಬಸ್‌ದಾಗ. ಸ್ಕ್ರೈಬಸ್ ಪುಕ್ಕಟ ಸಿಗ್ತದ.

ನ್ಯೂಸ್‌ಪ್ರಿಂಟ್ ಕಾಗದ ಹೀರೋ ಕಾಗದ. ನಾಕೂ ಶಾಯಿ ಕೂಡಿ 240 ಮೀರಬಾರದು, ನಿಂದು 300 ಹೋಗ್ಯದ. ಒಣಗಲಾರದ ಆ ಶಾಯಿನೇ ಮಸಿ ಮೆತ್ತಿದಂಗ ಕಂಡಿದ್ದು. ಪ್ರೆಸ್‌ನೋರ ಕಡಿ ಅವರ ಪ್ರೊಫೈಲ್ (ಅವರ ಯಂತ್ರ, ಕಾಗದಕ್ಕ ಬಣ್ಣ ಹೊಂದಿಸೋ ಫೈಲ್) ಕೇಳು. ಅವರ ಹತ್ರ ಇಲ್ಲಂದ್ರ ಐಎಸ್‌ಒ ನ್ಯೂಸ್‌ಪೇಪರ್ 26ವಿ4 ಅನ್ನೋ ಪ್ರೊಫೈಲ್ ಹಾಕ್ಕೊಂಡು ತಿರುಗಿಸು. ಆ 26 ಅಂದ್ರ ಚುಕ್ಕಿ ಹಿಗ್ಗೋ ಲೆಕ್ಕ: ನೀ ಶೇ 50 ಕೊಟ್ಟದ್ದು ಕಾಗದದ ಮ್ಯಾಲ ಶೇ 76ರ ಹತ್ರ ಕಾಣಸ್ತದ. ಪ್ರೊಫೈಲ್ ಈ ಹಿಗ್ಗು ಲೆಕ್ಕಕ್ಕ ಹಿಡದೇ ತಿರುಗಸ್ತದ. ಆಮ್ಯಾಲ ಸಾಫ್ಟ್ ಪ್ರೂಫ್ (ಅಚ್ಚು ಹೆಂಗ ಬರ್ತದ ಅಂತ ಸ್ಕ್ರೀನ್‌ದಾಗ ತೋರಸೋದು) ಆನ್ ಮಾಡಿ ನೋಡು. ಇನ್ನೂ ಮಂಕ ಕಂಡ್ರ ಕರ್ವ್‌ದಾಗ ನಡು ಬಿಂದು ಹಿಡದು ಸ್ವಲ್ಪ ಎತ್ತು. ಕಪ್ಪಿನ ತುದಿ ಮುಟ್ಟಬ್ಯಾಡ. ನೀನು ಶ್ಯಾಡೋ ಎತ್ತಿದಿ ನೋಡು, ಕಾಳು ಬಂದದ್ದು ಅಲ್ಲಿಂದ.

25 ಸೆಂ.ಮೀ. ಅಗಲದ ಫೋಟೊ, ನ್ಯೂಸ್‌ಪ್ರಿಂಟ್‌ಗಿ 200 ಪಿಪಿಐ (ಇಂಚಿಗಿ 200 ಪಿಕ್ಸೆಲ್) ಅಂದ್ರೂ ಸುಮಾರು 1,970 ಪಿಕ್ಸೆಲ್ ಸಾಕು. ವಾಟ್ಸಾಪ್‌ದಾಗ ಫೋಟೊ ಅಂತ ಕಳಿಸಬ್ಯಾಡ, ಡಾಕ್ಯುಮೆಂಟ್ ಅಂತ ಕಳಿಸು.

ಅಕ್ಷರಮೊಳೆ (ಬೆಂಗಳೂರು)

ಒತ್ತಕ್ಷರದ ಬಗ್ಗೆ ನಾನು ಹೇಳುತ್ತೇನೆ. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನು ತೆರೆದು ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್ ಆರಿಸಿ. ಮಾಮೂಲಿ ಕಂಪೋಸರ್‌ಗೆ ಕನ್ನಡದ ಒತ್ತು ಕೂರಿಸಲು ಬರುವುದಿಲ್ಲ. ಸ್ಕ್ರೈಬಸ್ ಆದರೆ 1.6 ಹಾಕಿಕೊಳ್ಳಿ, ಹಳೆಯ 1.4ರಲ್ಲಿ ಒತ್ತಕ್ಷರ ಒಡೆಯುತ್ತದೆ. ಫಾಂಟ್ ಯೂನಿಕೋಡ್‌ದೇ ಇರಲಿ. ನೋಟೋ ಸೆರಿಫ್ ಕನ್ನಡ, ತಿರೋ ಕನ್ನಡ ಎರಡೂ ಉಚಿತ. 10 ಪಾಯಿಂಟ್ ಅಕ್ಷರಕ್ಕೆ ಸಾಲಿನ ಅಂತರ 14 ಅಥವಾ 15 ಕೊಡಿ. ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ.

ನಿಮ್ಮ ಬರಹ ಹಳೆಯ ನುಡಿ ಫಾಂಟಿನಲ್ಲಿ ಇದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪ್ರತಿ ಪದವನ್ನೂ ಕಣ್ಣಿಂದ ಓದಿ.

ಚೌಬಾರಾ_ಹುಡುಗಿ

ಐದು ದಿನ ಆಯಿತು. ಮೂವರಿಗೂ ಹೇಳಲೇಬೇಕಾದದ್ದಿದೆ.

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಥರ್ಮಾಕೋಲ್, ಬಟರ್ ಪೇಪರ್ ಹೊತ್ತುಕೊಂಡು ಹೋದೆ. ಅಕ್ಕಾ, ಆ ಜಾಗ ಸಿಗಲು ನಲವತ್ತು ನಿಮಿಷ ಹಿಡಿಯಿತು. ಸಿಕ್ಕಾಗ ನನ್ನ ಗೆಳತಿ ಹಾಳೆ ಹಿಡಿದುಕೊಂಡೇ "ಬಂತು ನೋಡು" ಎಂದು ಕೂಗಿದಳು. ಮೈನಸ್ 1.3, ಐಎಸ್‌ಒ 100, ಅರ್ಧ ಸೆಕೆಂಡ್. ಎಲೆಯ ಅಂಚಿನಲ್ಲಿ ಸುತ್ತಿಗೆ ಏಟಿಗೆ ತಂತಿ ಚಪ್ಪಟೆಯಾದದ್ದೂ ಕಾಣುತ್ತಿದೆ. ರಾ ಫೈಲಿನಲ್ಲಿ ಶ್ಯಾಡೋ ಮುಟ್ಟಲೇ ಇಲ್ಲ. ತಟ್ಟೆಯನ್ನೂ ಅದೇ ಜಾಗದಲ್ಲಿ, ಮಣ್ಣು ತೊಳೆದ ಮೇಲೆ ತೆಗೆದೆ. ಬೂದು ತಟ್ಟೆ ಎಡಪುಟ, ಕಪ್ಪು ತಟ್ಟೆ ಬಲಪುಟ.

ಪುಟ ಸ್ಕ್ರೈಬಸ್‌ನಲ್ಲಿ ಮತ್ತೆ ಕಟ್ಟಿದೆ. ನಿನ್ನೆ ಸಂಜೆ ಮಾದರಿ ಪ್ರತಿ ಬಂತು, ಅಕ್ಷರಕ್ಕೆ ಒಂದು ನೆರಳೂ ಇಲ್ಲ. ಪರಿವರ್ತಿಸಿದ ಬರಹದಲ್ಲಿ ಅರ್ಕಾವತ್ತು ಮೂರು ಕಡೆ ಪಕ್ಕದ ಅಕ್ಷರದ ಮೇಲೆ ಹೋಗಿತ್ತು, ಕೈಯಿಂದ ಸರಿಮಾಡಿದೆ.

ಈಗ ಹೊಸ ಪ್ರಶ್ನೆ. ಮಾದರಿ ಪ್ರತಿಯನ್ನು ಆ ಕುಶಲಕರ್ಮಿಗೆ ತೋರಿಸಿದೆ. ಕನ್ನಡಕ ತೆಗೆದು ಕಾಗದವನ್ನು ಕಣ್ಣ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಹೂಜಿಯ ಕುತ್ತಿಗೆಯ ಕೆಳಗಿನ ಮೂರನೇ ಎಲೆಯ ಮೇಲೆ ಉಗುರಿಟ್ಟು, "ಇಲ್ಲಿ ತಂತಿ ಎದ್ದಿದೆ" ಎಂದರು. ಫೋಟೊ ದೊಡ್ಡದು ಮಾಡಿ ನೋಡಿದೆ, ಹೌದು, ಸಾಸಿವೆಯಷ್ಟು ತುದಿ ಮೇಲೆದ್ದಿದೆ. ಕೈಯಲ್ಲಿ ಹಿಡಿದಾಗ ಕಂಡಿರಲಿಲ್ಲ ಎಂದರು. ಫೋಟೊದಲ್ಲಿ ಕ್ಲೋನ್ ಮಾಡಿ ಅಳಿಸಿಬಿಡಲೇ? ಅವರಿಗೆ ಮುಜುಗರ ಆಗಬಾರದು.

ಪುಟಕಟ್ಟುವವ

ಅಳಿಸಬ್ಯಾಡ ತಂಗಿ. ಅವರೇನಂದ್ರು, ಅದನ್ನ ಹೇಳು.

ಚೌಬಾರಾ_ಹುಡುಗಿ

ಹೂಜಿ ಆಗಲೇ ಕೆಳಗಿಳಿಸಿದ್ದಾರೆ. ತಂತಿ ಮತ್ತೆ ಕೂರಿಸಿ, ಉಜ್ಜಿ, ಮಣ್ಣು ಹಚ್ಚಲು ಎರಡು ದಿನ ಬೇಕಂತೆ.

ಪುಟಕಟ್ಟುವವ

ನಿನ್ನ ಹತ್ರ ಮೂರು ದಿನ ಅವ. ಥರ್ಮಾಕೋಲ್ ಹಾಳಿ, ಟ್ರೈಪಾಡ್‌ದ ಕಾಲು ಎಲ್ಲಿದ್ವು ಅಲ್ಲಿ ನೆಲದ ಮ್ಯಾಲ ಸೀಮಿಸುಣ್ಣದ ಗೆರಿ ಇನ್ನೂ ಅವ ಏನು? ಇದ್ರ ಅವರಿಗಿ ಒರಸಬ್ಯಾಡ್ರಿ ಅಂತ ಇವತ್ತೇ ಫೋನ್ ಮಾಡು.

ಚೌಬಾರಾ_ಹುಡುಗಿ

ಗೆರೆ ಹಾಕಿರಲಿಲ್ಲ ಅಣ್ಣಾ. ಆದರೆ ಟ್ರೈಪಾಡ್ ಇನ್ನೂ ಅಲ್ಲೇ ನಿಂತಿದೆ, ಬಿಟ್ಟು ಬಂದಿದ್ದೆ. ಈಗಲೇ ಫೋನ್ ಮಾಡುತ್ತೇನೆ.