ಒಬ್ಬಳೇ ಸೇಂಟ್ ಆಂಟನ್‌ಗೆ ಸ್ಕೀ ಮಾಡೋಕೆ ಹೋಗಬಹುದಾ?

ಹಾಸನದ_ಹುಡುಗಿ:
ಎಲ್ಲರಿಗೂ ನಮಸ್ಕಾರ. ಮ್ಯೂನಿಕ್‌ಗೆ ಬಂದು ಎರಡು ವರ್ಷ ಆಯಿತು. ಹೋದ ಚಳಿಗಾಲದಲ್ಲಿ ಆಫೀಸಿನವರ ಜೊತೆ ನಾಲ್ಕು ದಿನ ಸ್ಕೀ ಕಲಿತೆ. ನೀಲಿ (ಸುಲಭದ) ಇಳಿಜಾರಿನಲ್ಲಿ ಬೀಳದೆ ಕೆಳಗೆ ಬರುತ್ತೇನೆ, ಅಷ್ಟೇ. ಈ ಸಲ ಗೆಳತಿಯರೆಲ್ಲ ಕೈಕೊಟ್ಟರು. ಜನವರಿಯಲ್ಲಿ ಒಬ್ಬಳೇ ಐದು ದಿನ ಆಸ್ಟ್ರಿಯಾದ ಸೇಂಟ್ ಆಂಟನ್‌ಗೆ ಹೋಗೋಣ ಅಂತಿದ್ದೇನೆ. ಊರು ಯಾವಾಗಲೂ ಗಲಗಲ ಅಂತಿರುತ್ತದಂತೆ. ಸಂಜೆ ರೂಮಲ್ಲಿ ಗೋಡೆ ನೋಡುತ್ತ ಕೂರೋದು ಬೇಡ ಅಂತಲೇ ಅದನ್ನು ಆರಿಸಿದೆ. ಒಬ್ಬಳೇ ಆದರೆ ಬೇಜಾರಾಗುತ್ತಾ? ನನ್ನ ಮಟ್ಟಕ್ಕೆ ಗುಡ್ಡ ಸರಿಹೋಗುತ್ತಾ? ಮಾಂಸ ತಿನ್ನಲ್ಲ, ಮೊಟ್ಟೆ ಪರವಾಗಿಲ್ಲ.

ಶಿರಸಿ_ಅಕ್ಕ:
ಎರಡು ಚಳಿಗಾಲ ಒಬ್ಬಳೇ ಅಲ್ಲಿಗೆ ಹೋಗಿ ಬಂದವಳು ನಾನು. ಬೇಜಾರಾಗಲ್ಲ, ಬಿಡಿ. ಗುಡ್ಡದ ಬಗ್ಗೆ ಮಾತ್ರ ಸ್ವಲ್ಪ ಯೋಚನೆ ಮಾಡಿ. ಅಲ್ಲಿನ ನೀಲಿ ಅಂದರೆ ಬೇರೆ ಊರಿನ ಕೆಂಪು, ಅಂದರೆ ಒಂದು ಹಂತ ಕಷ್ಟದ್ದು.

ನನ್ನ ಮೊದಲ ದಿನದ ಕಥೆ ಕೇಳಿ. ಮಧ್ಯಾಹ್ನ ಮೂರೂವರೆಗೆ ಊರ ಮೇಲಿನ ಗಾಲ್ಜಿಗ್ ಗುಡ್ಡದಿಂದ ಊರಿಗೆ ಇಳಿಯೋಕೆ ಹೊರಟೆ. ಆ ಹೊತ್ತಿಗೆ ಇಡೀ ಗುಡ್ಡದ ಜನ ಅದೇ ದಾರಿಯಲ್ಲಿ ಬರುತ್ತಾರೆ. ಬೆಳಿಗ್ಗೆ ಬಾಚಿಟ್ಟ ಹಾಗಿದ್ದ ಹಿಮ ಉತ್ತ ಗದ್ದೆ ಥರ ಗುಪ್ಪೆಗುಪ್ಪೆ ಆಗಿತ್ತು. ನಡುನಡುವೆ ಗಾಜಿನಂಥ ಐಸು. ಐದು ವರ್ಷದ ಮಕ್ಕಳು ಸುಯ್ ಅಂತ ಪಕ್ಕದಲ್ಲೇ ಹೋಗುತ್ತಿದ್ದರೆ ನನ್ನ ಕಾಲು ಗಡಗಡ. ಕೊನೆಗೆ ಸ್ಕೀ ಬಿಚ್ಚಿ ತೊಡೆ ಮೇಲಿಟ್ಟುಕೊಂಡು, ಅಂಚಿನಲ್ಲಿ ಕೂತು ಜಾರಿಕೊಂಡೇ ಬಂದೆ. ಚಿಕ್ಕಂದಿನಲ್ಲಿ ಅಡಿಕೆ ಹಾಳೆ ಮೇಲೆ ಜಾರಿದ್ದು ಅಲ್ಲಿ ಕೆಲಸಕ್ಕೆ ಬಂತು!

ಮರುದಿನದಿಂದ ನಾಚಿಕೆ ಬಿಟ್ಟು ಗೊಂಡೊಲಾದಲ್ಲೇ (ತಂತಿ ಮೇಲೆ ಓಡುವ ಕ್ಯಾಬಿನ್) ಇಳಿದೆ. ಗಾಲ್ಜಿಗ್ ಗೊಂಡೊಲಾ ನೋಡೋಕೂ ಚೆನ್ನ. ಜಾತ್ರೆಯ ಜೈಂಟ್ ವೀಲ್‌ನಂಥ ಚಕ್ರ ಕ್ಯಾಬಿನ್‌ಗಳನ್ನು ನೆಲಮಟ್ಟಕ್ಕೆ ತಂದುಕೊಡುತ್ತದೆ. ಸ್ಕೀ ಬೂಟಿನಲ್ಲಿ ಮೆಟ್ಟಿಲು ಹತ್ತುವ ಕಷ್ಟ ಇಲ್ಲ.

ಜೊತೆ ಬೇಕಾದರೆ ಗುಂಪಿನ ಕ್ಲಾಸಿಗೆ ಸೇರಿ. ಗುಡ್ಡ ಕಷ್ಟ ಆದರೂ ಸ್ಕೀ ಕಲಿಸೋದರಲ್ಲಿ ಆ ಊರಿಗೆ ಹಳೇ ಹೆಸರು. ಹಾನ್ನೆಸ್ ಶ್ನೈಡರ್ 1921ರಲ್ಲಿ ಸ್ಕೀ ಶಾಲೆ ಶುರುಮಾಡಿದ್ದು ಅಲ್ಲೇ. ಹಂತಹಂತವಾಗಿ ತಿರುವು ಕಲಿಸುವ ಆರ್ಲ್‌ಬರ್ಗ್ (ಆ ಸೀಮೆಯ ಹೆಸರು) ಪದ್ಧತಿ ಅವರದೇ. ನನ್ನ ಗುಂಪಿನಲ್ಲಿ ನಿವೃತ್ತ ಡಚ್ ಟೀಚರ್ ಒಬ್ಬರಿದ್ದರು. ಎಲ್ಲರಿಗಿಂತ ಜಾಸ್ತಿ ಬಿದ್ದವರು, ಎಲ್ಲರಿಗಿಂತ ಜಾಸ್ತಿ ನಕ್ಕವರು ಅವರೇ. ಐದೂ ದಿನ ನನ್ನ ಊಟ ಅವರ ಟೇಬಲ್ಲಿನಲ್ಲೇ.

ಸಂಜೆಯ ಗಲಾಟೆಗೆ ಮೂಸರ್‌ವಿರ್ಟ್ ಅನ್ನೋ ಜಾಗ ಇದೆ, ಇಳಿಜಾರಿನ ಮಧ್ಯದಲ್ಲೇ. ಮಧ್ಯಾಹ್ನಕ್ಕೇ ಸ್ಕೀ ಬೂಟಿನಲ್ಲೇ ಕುಣಿತ ಶುರು. ಹೋಗಿ, ಮಜವಾಗಿರುತ್ತದೆ. ಆದರೆ ಕುಡಿದು ಕತ್ತಲಲ್ಲಿ ಸ್ಕೀ ಹಾಕಿಕೊಂಡು ಇಳಿಯೋರ ಹಿಂದೆ ಹೋಗಬೇಡಿ. ನಾನು ಸ್ಕೀ ಹೆಗಲಿಗೆ ಹಾಕಿಕೊಂಡು ನಡೆದೇ ಬಂದೆ.

ಇನ್ನೊಂದು, ಬೂಟು. ಬಾಡಿಗೆ ಅಂಗಡಿಯಲ್ಲಿ ಒಂದು ಸೈಜ್ ದೊಡ್ಡದು ಕೊಟ್ಟರು. ನಾನೋ, ಎರಡು ಜೊತೆ ಸಾಕ್ಸ್ ಹಾಕಿ ಹಾಯಾಗಿದೆ ಅಂದೆ. ಮೂರನೇ ದಿನ ಎರಡೂ ಹೆಬ್ಬೆರಳಿನ ಉಗುರು ನೇರಳೆಹಣ್ಣಿನ ಬಣ್ಣ. ನೆಟ್ಟಗೆ ನಿಂತಾಗ ಬೆರಳು ಮುಂದೆ ತಾಗಬೇಕು, ಮಂಡಿ ಬಗ್ಗಿಸಿದರೆ ಸ್ವಲ್ಪ ಹಿಂದೆ ಸರಿಯಬೇಕು. ಸಾಕ್ಸ್ ಒಂದೇ ಜೊತೆ, ತೆಳ್ಳಗಿನದು.

ಇನ್ಸ್‌ಬ್ರುಕ್_ಭಾವ:
ಅಕ್ಕ ಹೇಳಿದ್ದು ಸರಿ, ಆದರೂ ನಾನಾಗಿದ್ದರೆ ಎರಡು ದಿನ ಹತ್ತಿರದ ಲೆಖ್ ಊರಿಗೆ ಬಸ್ಸಲ್ಲಿ ಹೋಗುತ್ತಿದ್ದೆ. ಆರ್ಲ್‌ಬರ್ಗ್ ಸ್ಕೀ ಪಾಸ್ (ಟಿಕೆಟ್) ಅಲ್ಲಿಗೂ ನಡೆಯುತ್ತದೆ. ಇಳಿಜಾರು ಸೌಮ್ಯ. 2016ರಿಂದ ಆ ಕಡೆಗೆ ಫ್ಲೆಕ್ಸೆನ್ ಗೊಂಡೊಲಾ ಇದೆ ನಿಜ, ಆದರೆ ಆ ದಾರಿಯಲ್ಲಿ ನಡುವೆ ಸ್ಕೀ ಮಾಡಿಕೊಂಡು ಹೋಗಬೇಕು. ನಿಮಗೆ ಬಸ್ಸೇ ವಾಸಿ. ಹಿಮ ಜೋರಾಗಿ ಬಿದ್ದರೆ ಆ ರಸ್ತೆ ಮುಚ್ಚುತ್ತಾರೆ, ಬೆಳಿಗ್ಗೆ ವಿಚಾರಿಸಿಕೊಂಡು ಹೊರಡಿ.

ಒಬ್ಬರೇ ಹೋಗುವಾಗ ಇನ್ಶೂರೆನ್ಸ್ ಇಲ್ಲದೆ ಹೋಗಲೇಬೇಡಿ. ಹೆಲಿಕಾಪ್ಟರ್ ಬಂದರೆ ಬಿಲ್ ಸಾವಿರಾರು ಯೂರೋ. ಆಲ್ಪೈನ್ ಕ್ಲಬ್ಬಿನ ಸದಸ್ಯತ್ವ ಮಾಡಿಸಿದರೆ ಪರ್ವತದಿಂದ ಕೆಳಗೆ ತರುವ ಖರ್ಚು ಅದರಲ್ಲೇ ಬರುತ್ತದೆ. ಆಸ್ಟ್ರಿಯಾದಲ್ಲಿ ಪರ್ವತ ರಕ್ಷಣೆಯ ನಂಬರ್ 140, ಫೋನಿನಲ್ಲಿ ಈಗಲೇ ಸೇವ್ ಮಾಡಿ. ಚಳಿಗೆ ಬ್ಯಾಟರಿ ಬೇಗ ಸಾಯುತ್ತದೆ. ಫೋನ್ ಒಳಜೇಬಿನಲ್ಲಿರಲಿ.

ಬರುವಾಗ ಜರ್ಮನಿ ಗಡಿಯಲ್ಲಿ ಪೊಲೀಸರು ರೈಲು ಹತ್ತಬಹುದು. ಪಾಸ್‌ಪೋರ್ಟ್, ರೆಸಿಡೆನ್ಸ್ ಕಾರ್ಡ್ ಎರಡೂ ಕೈಯಲ್ಲಿರಲಿ. ಸೂಟ್‌ಕೇಸಿನ ತಳದಲ್ಲಿಟ್ಟು ಎಲ್ಲರೆದುರು ಬಟ್ಟೆ ಹರಡಿಕೊಂಡವನ ಮಾತು ಇದು.

ಗಸಗಸೆ_ಪಾಯಸ:
ಊಟದ ಬಗ್ಗೆ ಯಾರೂ ಹೇಳಲೇ ಇಲ್ಲ ಅಲ್ವಾ! ಕಾಸ್‌ಪ್ರೆಸ್‌ಕ್ನೋಡೆಲ್ ಅಂತ ಚೀಸ್-ಬ್ರೆಡ್ಡಿನ ವಡೆ ಸಿಗುತ್ತದೆ. ಅದನ್ನು ಸೂಪಲ್ಲಿ ಕೊಟ್ಟರೆ ಹುಷಾರು, ಸೂಪ್ ಸಾಮಾನ್ಯವಾಗಿ ದನದ ಮಾಂಸದ್ದು. ಸಲಾಡ್ ಜೊತೆ ಕೊಡಿ ಅನ್ನಿ. ಗೆರ್ಮ್‌ಕ್ನೋಡೆಲ್ ಬಿಡಬೇಡಿ. ಮುಷ್ಟಿಗಿಂತ ದೊಡ್ಡ ಕಡುಬು, ಒಳಗೆ ಪ್ಲಮ್ ಜಾಮ್, ಮೇಲೆ ಕಾಯಿಸಿದ ಬೆಣ್ಣೆ, ಗಸಗಸೆ, ಸಕ್ಕರೆ. ಒಂದು ತಿಂದರೆ ಸಂಜೆವರೆಗೆ ಹಸಿವಿಲ್ಲ.

ಹಾಸನದ_ಹುಡುಗಿ:
ಎಲ್ಲರಿಗೂ ಥ್ಯಾಂಕ್ಸ್. ಕ್ಲಾಸಿಗೆ ಈಗ ತಾನೇ ದುಡ್ಡು ಕಟ್ಟಿದೆ. ಲೆಖ್‌ಗೂ ಒಂದು ದಿನ ಇಟ್ಟುಕೊಂಡಿದ್ದೇನೆ. ಮನೆಗೆ ಫೋನ್ ಮಾಡಿ ಹೇಳಿದೆ. ಅಮ್ಮ ಕೇಳಿದ್ದು ಒಂದೇ: "ಕಡುಬು ಸಿಗುತ್ತೆ ಅಂದರೆ ಸರಿ, ಆದರೆ ಜಾರೋಕೆ ಅಷ್ಟು ದುಡ್ಡು ಯಾಕೆ ಕೊಡಬೇಕು?" ಅಕ್ಕಾ, ಅಡಿಕೆ ಹಾಳೆ ಅಲ್ಲಿ ಬಾಡಿಗೆಗೆ ಸಿಗುತ್ತಾ?