ವಿಶ್ವಾಸದ ಹಾದಿಯಲ್ಲಿ ಜೊತೆಗಿರುವವರನ್ನು ಹುಡುಕುವುದು ಹೇಗೆ?

ಪ್ರಶ್ನೆ: ಕಿರುದೀಪ, ಮೈಸೂರು

ಎಲ್ಲರಿಗೂ ವಂದನೆಗಳು. ನಾನು ಕಥೋಲಿಕ ಕುಟುಂಬದಲ್ಲಿ ಬೆಳೆದವಳು. ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತೇನೆ. ಭಾನುವಾರದ ಬಲಿಪೂಜೆ, ಮನೆಯಲ್ಲಿ ಸಂಜೆಯ ಜಪಸರ, ತಪಸ್ಸುಕಾಲದ ಶಿಲುಬೆಹಾದಿ, ಇವೆಲ್ಲ ಚಿಕ್ಕಂದಿನಿಂದ ತಪ್ಪದೆ ನಡೆದುಬಂದಿವೆ. ಅಮ್ಮ ತೀರಿಕೊಂಡ ನಂತರ ಮಾತ್ರ ಪ್ರಾರ್ಥನೆಗೆ ಕುಳಿತರೆ ತುಟಿಗಳು ಅಲುಗುತ್ತವೆಯೇ ಹೊರತು ಒಳಗೆ ಏನೂ ಮಿಡಿಯುವುದಿಲ್ಲ. ವಿಶ್ವಾಸ ಕಳೆದುಕೊಂಡಿದ್ದೇನೆ ಎಂದು ನನಗೆ ಅನ್ನಿಸುವುದಿಲ್ಲ. ಆದರೆ ದೇವರು ನನ್ನಿಂದ ದೂರ ಸರಿದಿದ್ದಾರೆ, ಅದಕ್ಕೆ ನನ್ನ ಯಾವುದೋ ತಪ್ಪೇ ಕಾರಣವಿರಬೇಕು ಎಂಬ ಸಂಶಯ ಬಿಡುತ್ತಿಲ್ಲ.

ಪರಿಚಯದ ಧರ್ಮಭಗಿನಿಯೊಬ್ಬರು, ಒಬ್ಬ ಆಧ್ಯಾತ್ಮಿಕ ಮಾರ್ಗದರ್ಶಕರನ್ನು ಕಂಡುಕೊಳ್ಳುವುದು ಒಳ್ಳೆಯದು ಎಂದು ಸಲಹೆ ನೀಡಿದರು. ಇದು ಪಾಪನಿವೇದನೆಗಿಂತ ಹೇಗೆ ಬೇರೆ, ಆಪ್ತಸಮಾಲೋಚಕರ ಬಳಿ ಹೋಗುವುದಕ್ಕಿಂತ ಹೇಗೆ ಬೇರೆ ಎಂಬುದು ನನಗೆ ಸ್ಪಷ್ಟವಿಲ್ಲ. ನಮ್ಮ ಧರ್ಮಕೇಂದ್ರದ ಗುರುಗಳು (ಪಾದ್ರಿಗಳು) ಒಳ್ಳೆಯವರು, ಆದರೆ ಮೂರು ಉಪಕೇಂದ್ರಗಳ ಹೊಣೆ ಹೊತ್ತವರಿಗೆ ಒಂದು ಗಂಟೆ ಕುಳಿತು ಕೇಳುವಷ್ಟು ಬಿಡುವಿಲ್ಲ. ಗುರುಗಳೇ ಆಗಿರಬೇಕೆಂಬ ನಿಯಮವಿದೆಯೇ? ಹೆಂಗಸರು ಅಥವಾ ಸಾಮಾನ್ಯ ವಿಶ್ವಾಸಿಗಳು ಈ ಕೆಲಸ ಮಾಡಬಹುದೇ? ನನ್ನ ಬದುಕಿನ ತೀರ್ಮಾನಗಳನ್ನೆಲ್ಲ ಇನ್ನೊಬ್ಬರ ಕೈಗೆ ಒಪ್ಪಿಸಿದಂತಾಗುತ್ತದೆಯೋ ಎಂಬ ಅಂಜಿಕೆಯೂ ಇದೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1: ತುಂಗಾತೀರ

ಪ್ರಿಯ ಸಹೋದರಿ, ಮೊದಲಿಗೆ ನಿಮ್ಮ ತಾಯಿಯವರ ಆತ್ಮಕ್ಕೆ ಪ್ರಭು ನಿತ್ಯ ವಿಶ್ರಾಂತಿಯನ್ನು ಕೊಡಲಿ. ನಾನು ಧರ್ಮಭಗಿನಿ, ಯೇಸುಸಭೆಯ ಸ್ಥಾಪಕ ಸಂತ ಇಗ್ನೇಷಿಯಸರ ಆಧ್ಯಾತ್ಮಿಕ ಸಾಧನೆಗಳ, ಅಂದರೆ ಸುಮಾರು ಮೂವತ್ತು ದಿನಗಳ ಪ್ರಾರ್ಥನೆ ಧ್ಯಾನಗಳ, ಕ್ರಮದಲ್ಲಿ ತರಬೇತಿ ಪಡೆದು, ಹಲವರ ಪ್ರಾರ್ಥನಾ ಜೀವನದಲ್ಲಿ ಜೊತೆಗಿರುವ ಸೇವೆಯನ್ನು ಮಾಡುತ್ತಿದ್ದೇನೆ.

ನಿಮ್ಮ ಕೊನೆಯ ಅಂಜಿಕೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದುದೆಲ್ಲ ಅದರ ಮೇಲೆ ನಿಂತಿದೆ. ಮಾರ್ಗದರ್ಶಕರು ನಿಮ್ಮ ಪರವಾಗಿ ತೀರ್ಮಾನ ಮಾಡುವವರಲ್ಲ. 1548ರಲ್ಲಿ ಪೋಪ್ ಮೂರನೇ ಪೌಲರ ಒಪ್ಪಿಗೆಯೊಂದಿಗೆ ಅಚ್ಚಾದ ಆಧ್ಯಾತ್ಮಿಕ ಸಾಧನೆಗಳ ಕೈಪಿಡಿಯಲ್ಲಿ ಇಗ್ನೇಷಿಯಸರು ಇದನ್ನು ಹದಿನೈದನೆಯ ಸೂಚನೆಯಾಗಿಯೇ ಬರೆದಿಟ್ಟಿದ್ದಾರೆ: ಸಾಧನೆಯನ್ನು ನಡೆಸಿಕೊಡುವವರು ಆ ಸಮಯದಲ್ಲಿ ಸಾಧಕರನ್ನು ಸನ್ಯಾಸದ ಕಡೆಗಾಗಲಿ ಸಂಸಾರದ ಕಡೆಗಾಗಲಿ ಎಳೆಯದೆ, ತಕ್ಕಡಿಯ ನಡುಮುಳ್ಳಿನಂತೆ ನಿಂತು, ಸೃಷ್ಟಿಕರ್ತನು ತನ್ನ ಸೃಷ್ಟಿಯೊಡನೆ ನೇರವಾಗಿ ವ್ಯವಹರಿಸಲು ಎಡೆಮಾಡಿಕೊಡಬೇಕು. ಸಮುವೇಲನ ಮೊದಲನೆಯ ಗ್ರಂಥದ ಮೂರನೆಯ ಅಧ್ಯಾಯದಲ್ಲಿ ಯಾಜಕ ಏಲಿ ಮಾಡಿದ್ದೂ ಇದನ್ನೇ. ಮುದುಕ, ಕಣ್ಣು ಮಂಜಾದವನು, ತನ್ನ ಮಕ್ಕಳನ್ನೇ ತಿದ್ದಲಾರದೆ ಹೋದವನು. ಆದರೂ, ರಾತ್ರಿ ದೇವರ ಕರೆ ಕೇಳಿ ಏಲಿಯೇ ಕರೆದನೆಂದುಕೊಂಡ ಬಾಲಕ ಸಮುವೇಲನು ಮೂರನೆಯ ಸಲ ಎದ್ದು ಬಂದಾಗ, ಕರೆಯುತ್ತಿರುವುದು ಯಾರೆಂದು ಅವನಿಗೆ ಹೊಳೆಯಿತು. ಆ ಕರೆಯಲ್ಲಿ ಏನಿದೆ ಎಂದು ಏಲಿ ಊಹಿಸಿ ಹೇಳಲಿಲ್ಲ. ಹೇಗೆ ಓಗೊಡಬೇಕೆಂದು ಕಲಿಸಿ, ಹುಡುಗನನ್ನು ಮತ್ತೆ ಅವನ ಹಾಸಿಗೆಗೇ ಕಳುಹಿಸಿದನು. ಈ ಸೇವೆಯ ಬಗ್ಗೆ ಯೋಚಿಸುವಾಗಲೆಲ್ಲ ನನಗೆ ಏಲಿಯೇ ನೆನಪಾಗುತ್ತಾನೆ.

ಪಾಪನಿವೇದನೆ ಒಂದು ಸಂಸ್ಕಾರ. ಅಲ್ಲಿ ಪಾಪಗಳನ್ನು ಹೇಳಿಕೊಂಡು ಕ್ಷಮೆ ಪಡೆಯುತ್ತೇವೆ, ಅದನ್ನು ಗುರುಗಳು ಮಾತ್ರ ನೀಡಬಲ್ಲರು, ಮತ್ತು ಅಲ್ಲಿ ಕೇಳಿದ್ದನ್ನು ಯಾವ ಕಾರಣಕ್ಕೂ ಹೊರಗೆಡಹುವಂತಿಲ್ಲ. ಆಪ್ತಸಮಾಲೋಚನೆ ಮನಸ್ಸಿನ ನೋವಿಗೆ ಮದ್ದು ಹುಡುಕುತ್ತದೆ. ಆಧ್ಯಾತ್ಮಿಕ ಮಾರ್ಗದರ್ಶನದಲ್ಲಿ ಕೇಳಿಸಿಕೊಳ್ಳುವುದು ನಿಮ್ಮ ಮತ್ತು ದೇವರ ನಡುವೆ ನಡೆಯುತ್ತಿರುವುದನ್ನು: ಯಾವ ವಾಕ್ಯ ಓದುವಾಗ ಮನಸ್ಸು ನಿಂತಿತು, ಎಲ್ಲಿ ಪ್ರತಿಭಟಿಸಿತು, ತರಗತಿಯಲ್ಲೋ ಅಡುಗೆಮನೆಯಲ್ಲೋ ಯಾವ ಗಳಿಗೆಯಲ್ಲಿ ಕೃತಜ್ಞತೆ ಉಕ್ಕಿತು. ಸಾಮಾನ್ಯವಾಗಿ ತಿಂಗಳಿಗೊಮ್ಮೆ, ಸುಮಾರು ಒಂದು ಗಂಟೆ ಮಾತನಾಡುತ್ತೇವೆ. ನಿಮ್ಮ ದುಃಖವು ನಿದ್ರೆಯನ್ನೂ ಊಟವನ್ನೂ ದಿನದ ಕೆಲಸವನ್ನೂ ಕೆಡಿಸುತ್ತಿದ್ದರೆ ದಯವಿಟ್ಟು ವೈದ್ಯರನ್ನೂ ಕಾಣಿರಿ. ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕಾಗಿಲ್ಲ.

ಇನ್ನು ನಿಮ್ಮ ಸಂಶಯದ ವಿಷಯ. ಪ್ರಾರ್ಥನೆಯಲ್ಲಿ ಒಣಗಿದಂತಾಗುವುದಕ್ಕೆ ಇಗ್ನೇಷಿಯಸರು ಮೂರು ಕಾರಣಗಳನ್ನು ಹೇಳುತ್ತಾರೆ: ನಮ್ಮ ಸ್ವಂತ ಅಸಡ್ಡೆ, ಸಿಹಿ ಸಿಗದಿದ್ದಾಗಲೂ ನಾವು ಎಷ್ಟರಮಟ್ಟಿಗೆ ನಿಲ್ಲಬಲ್ಲೆವು ಎಂಬ ಪರೀಕ್ಷೆ, ಭಕ್ತಿಯ ಸವಿ ನಮ್ಮ ಸಂಪಾದನೆಯಲ್ಲ, ಅದು ದೇವರ ಕೊಡುಗೆ ಎಂಬ ಅರಿವು. ಮೂರರಲ್ಲಿ ಒಂದು ಮಾತ್ರ ನಮ್ಮ ತಪ್ಪಿಗೆ ಸೇರಿದ್ದು ಎಂಬುದನ್ನು ಗಮನಿಸಿ. ಇಂಥ ಕಾಲದಲ್ಲಿ ಹಿಂದೆ ಮಾಡಿದ ಒಳ್ಳೆಯ ನಿರ್ಧಾರಗಳನ್ನು ಬದಲಿಸಬಾರದು ಎಂಬುದೂ ಅವರದೇ ನಿಯಮ. ಆದ್ದರಿಂದ ಜಪಸರವನ್ನು ಬಿಡಬೇಡಿ.

ಯಾರನ್ನು ಕೇಳುವುದು? ಗುರುಗಳೇ ಆಗಬೇಕೆಂದಿಲ್ಲ. ಇಗ್ನೇಷಿಯಸರು ಗುರುದೀಕ್ಷೆ ಪಡೆದದ್ದು 1537ರಲ್ಲಿ. ಅದಕ್ಕೂ ಎಷ್ಟೋ ವರ್ಷ ಮೊದಲೇ, ಇನ್ನೂ ಸಾಮಾನ್ಯ ವಿಶ್ವಾಸಿಯಾಗಿದ್ದಾಗಲೇ, ಅವರು ಇತರರಿಗೆ ಸಾಧನೆಗಳನ್ನು ನಡೆಸಿಕೊಡುತ್ತಿದ್ದರು ಮತ್ತು ಅದಕ್ಕಾಗಿಯೇ ಅಲ್ಕಲಾ, ಸಲಮಾಂಕಾ ನಗರಗಳಲ್ಲಿ ವಿಚಾರಣೆಗೂ ಗುರಿಯಾದರು. ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಚರ್ಚಿಗೆ ಅಂಟಿದ ಕೋಣೆಯೊಳಗೆ ಏಕಾಂತವಾಸ ಮಾಡುತ್ತಿದ್ದ ಜೂಲಿಯನ್ ಎಂಬಾಕೆಯ ಬಳಿಗೆ, ಸುಮಾರು 1413ರಲ್ಲಿ, ಮಾರ್ಜರಿ ಕೆಂಪ್ ಎಂಬ ಗೃಹಿಣಿ ತನ್ನ ಅನುಭವಗಳು ದೇವರಿಂದಲೇ ಬಂದವೋ ಎಂದು ಕೇಳಲು ಹೋಗಿದ್ದಳು. ಹೆಂಗಸು ಹೆಂಗಸಿಗೆ ಹೀಗೆ ಜೊತೆಯಾಗುವುದು ಸಭೆಗೆ ಹೊಸತಲ್ಲ. ಯೇಸುಸಭೆಯವರ, ಕಾರ್ಮೆಲ್ ಸಭೆಯವರ ಮನೆಗಳಲ್ಲಿ ಮತ್ತು ಕನ್ಯಾಮಠಗಳಲ್ಲಿ ವಿಚಾರಿಸಿ. ನಿಮ್ಮ ಊರಿನಲ್ಲೇ ಅಮಲೋರ್ಪವದಾಸ್ ಸ್ವಾಮಿಗಳು ಸ್ಥಾಪಿಸಿದ ಅಂಜಲಿ ಆಶ್ರಮವಿದೆ. ಅಂಥ ಸ್ಥಳದಲ್ಲಿ ಕೆಲವು ದಿನ ಮೌನವಾಗಿದ್ದು ಬಂದರೆ, ನಿಮಗೆ ಯಾವ ಬಗೆಯ ಜೊತೆ ಬೇಕೆಂಬುದೂ ಸ್ಪಷ್ಟವಾಗುತ್ತದೆ.

ಉತ್ತರ 2: ಮಲೆನಾಡ ಸೆರಗು, ಧಾರವಾಡ

ಕರ್ತನ ನಾಮದಲ್ಲಿ ವಂದನೆಗಳು. ನಾನು ದಕ್ಷಿಣ ಭಾರತ ಸಭೆಗೆ ಸೇರಿದ ಸಾಮಾನ್ಯ ಸಭಿಕ. ಸಿಸ್ಟರ್ ಅವರು ಹೇಳಿದ್ದನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಒಂದು ವಿಷಯವನ್ನು ಸೇರಿಸಬೇಕೆನ್ನಿಸಿತು.

ನಮ್ಮ ಸಭೆಗಳಲ್ಲಿ ಈ ಮಾತು ಎತ್ತಿದರೆ ಹಿರಿಯರು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರವನ್ನು ತೆರೆದು, ದೇವರಿಗೂ ಮನುಷ್ಯರಿಗೂ ಮಧ್ಯಸ್ಥನು ಕ್ರಿಸ್ತನೊಬ್ಬನೇ ಅಲ್ಲವೇ ಎಂದು ಕೇಳುತ್ತಾರೆ. ಅದು ನ್ಯಾಯವಾದ ಪ್ರಶ್ನೆ. ಆದರೆ ಜೊತೆಗೆ ನಡೆಯುವವನು ಮಧ್ಯಸ್ಥನಲ್ಲ. ಯಾಕೋಬನ ಪತ್ರವೂ ತಪ್ಪುಗಳನ್ನು ಒಬ್ಬರಿಗೊಬ್ಬರು ಅರಿಕೆಮಾಡಿ ಒಬ್ಬರಿಗೋಸ್ಕರ ಒಬ್ಬರು ಪ್ರಾರ್ಥಿಸಬೇಕೆಂದೇ ಹೇಳುತ್ತದೆ. ಲೂಥರನ್ ಬೋಧಕ ಡೀಟ್ರಿಶ್ ಬೋನ್‌ಹಾಫರ್, 1935ರಿಂದ ನಾಜಿ ಜರ್ಮನಿಯ ಗುಪ್ತಪೊಲೀಸರಾದ ಗೆಸ್ಟಾಪೊ ಬೀಗ ಹಾಕಿದ 1937ರವರೆಗೆ, ಫಿಂಕನ್‌ವಾಲ್ಡೆಯ ಸೆಮಿನರಿಯಲ್ಲಿ, ಅಂದರೆ ಬೋಧಕರಾಗುವವರ ತರಬೇತಿ ಶಾಲೆಯಲ್ಲಿ, ತಮ್ಮ ವಿದ್ಯಾರ್ಥಿಗಳಿಗೆ ಇದನ್ನೇ ಕಲಿಸಿದರು: ಪ್ರಭುಭೋಜನಕ್ಕೆ ಮುನ್ನ ಒಬ್ಬ ಸಹೋದರನ ಬಳಿ ಹೋಗಿ ಮನಸ್ಸು ಬಿಚ್ಚಿರಿ. ಅವರು ಕೂಡ ತಮ್ಮ ವಿದ್ಯಾರ್ಥಿಯೇ ಆಗಿದ್ದ ಎಬರ್‌ಹಾರ್ಡ್ ಬೇತ್ಗೆಯ ಮುಂದೆ ಹಾಗೆ ಅರಿಕೆಮಾಡಿಕೊಳ್ಳುತ್ತಿದ್ದರು. ಗುರು ಶಿಷ್ಯನ ಮುಂದೆ ಮೊಣಕಾಲೂರಿದ ಈ ಸಂಗತಿ ನನ್ನ ಮನಸ್ಸನ್ನು ಬಹಳವಾಗಿ ತಟ್ಟಿದೆ.

ಮೈಸೂರಿನವರಿಗೆ ವೆಸ್ಲಿಯನ್ ಮಿಶನ್ನಿನ ಹೆಸರು ಪರಿಚಿತ. ಆ ಪರಂಪರೆಯ ಮೂಲಪುರುಷ ಜಾನ್ ವೆಸ್ಲಿಯ ಕಾಲದಲ್ಲಿ, 1742ರಲ್ಲಿ ಬ್ರಿಸ್ಟಲ್‌ನ ಪ್ರಾರ್ಥನಾಮಂದಿರದ ಸಾಲ ತೀರಿಸಲು ಸಭಿಕರನ್ನು ಹನ್ನೆರಡು ಹನ್ನೆರಡು ಜನರ ಗುಂಪುಗಳಾಗಿ ಮಾಡಿ, ವಾರಕ್ಕೆ ಒಂದು ಪೆನ್ನಿ ಸಂಗ್ರಹಿಸುವ ಏರ್ಪಾಡು ಮಾಡಿದರು. ಮನೆಮನೆಗೆ ಹೋದ ಮುಖಂಡರಿಗೆ ಅಲ್ಲಿನ ಜನರ ಜಗಳ, ಕುಡಿತ, ಕಣ್ಣೀರು ಎಲ್ಲ ಕಣ್ಣಿಗೆ ಬಿದ್ದವು. ಹಣದ ಏರ್ಪಾಡು ಆತ್ಮಗಳ ಆರೈಕೆಯ ಏರ್ಪಾಡಾಯಿತು. ಆ ಮುಖಂಡರು ಬೋಧಕರಲ್ಲ, ಕೂಲಿಕಾರರೂ ಕುಶಲಕರ್ಮಿಗಳೂ ಆಗಿದ್ದರು, ಹೆಂಗಸರೂ ಇದ್ದರು. ತರಬೇತಿಯ ಪ್ರಮಾಣಪತ್ರಕ್ಕಿಂತ, ತಾನೂ ಪ್ರಾರ್ಥಿಸುವ, ಕೇಳಿದ್ದನ್ನು ಊರಿಗೆ ಹಂಚದ ವ್ಯಕ್ತಿ ಮುಖ್ಯ ಎಂಬುದು ನನ್ನ ದೃಢ ಅಭಿಪ್ರಾಯ. ನಿಮ್ಮ ಅಕ್ಕಪಕ್ಕದಲ್ಲಿ, ದುಃಖವನ್ನು ದಾಟಿಬಂದ ಹಿರಿಯ ಸಹೋದರಿಯೊಬ್ಬರು ಇರಬಹುದು. ಅವರನ್ನು ಯಾರೂ ಇದುವರೆಗೆ ಕೇಳಿರಲಿಕ್ಕಿಲ್ಲ, ಅಷ್ಟೆ.

ಉತ್ತರ 3: ದೂರದ ಬೆಟ್ಟ

ಮೇಲಿನ ಇಬ್ಬರೂ ಹೇಳದ ಎಚ್ಚರಿಕೆಯ ಮಾತೊಂದನ್ನು ಹೇಳುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ. ಜೊತೆಗಾರರಿಲ್ಲದಿರುವುದು ಕಷ್ಟವೇ ನಿಜ, ಆದರೆ ತಪ್ಪು ಜೊತೆ ಅದಕ್ಕಿಂತ ಕಷ್ಟ.

ಫ್ರಾನ್ಸಿನ ಬ್ಯಾರನೆಸ್ ಜೇನ್ ದ ಶಾಂತಾಲ್ ಅವರ ಪತಿ 1601ರಲ್ಲಿ ಬೇಟೆಯಾಡುವಾಗ ಗುಂಡು ತಗುಲಿ ಸತ್ತರು. ಚಿಕ್ಕ ಮಕ್ಕಳ ತಾಯಿ, ದುಃಖದಲ್ಲಿ ಮುಳುಗಿದ್ದ ಆಕೆ ಮಾರ್ಗದರ್ಶಕರೊಬ್ಬರಿಗಾಗಿ ಹಂಬಲಿಸಿ ಒಬ್ಬರನ್ನು ಕಂಡುಕೊಂಡರು. ಅವರು ಆಕೆಯಿಂದ ನಾಲ್ಕು ಪ್ರತಿಜ್ಞೆಗಳನ್ನು ಮಾಡಿಸಿಕೊಂಡರು: ತನಗೆ ವಿಧೇಯಳಾಗಿರಬೇಕು, ತನ್ನನ್ನು ಬಿಟ್ಟು ಬೇರೆಯವರ ಬಳಿ ಹೋಗಬಾರದು, ತಾನು ಹೇಳಿದ್ದನ್ನು ಗುಟ್ಟಾಗಿಡಬೇಕು, ಅಂತರಂಗದ ವಿಷಯವನ್ನು ತನ್ನೊಬ್ಬನ ಹೊರತು ಯಾರಲ್ಲೂ ಆಡಬಾರದು. ಅದರ ಮೇಲೆ ಉಪವಾಸ, ಜಪತಪಗಳ ಭಾರ. 1604ರ ತಪಸ್ಸುಕಾಲದಲ್ಲಿ ದಿಜೋನ್ ನಗರಕ್ಕೆ ಪ್ರವಚನ ನೀಡಲು ಬಂದ ಜಿನೀವಾದ ಧರ್ಮಾಧ್ಯಕ್ಷ ಫ್ರಾನ್ಸಿಸ್ ದ ಸೇಲ್ಸ್ ಅವರು ಆಕೆಯ ಮಾತನ್ನು ಕೇಳಿದರು. ಅವಸರಪಡಲಿಲ್ಲ, ತಿಂಗಳುಗಟ್ಟಲೆ ಪ್ರಾರ್ಥಿಸಿ, ಯೋಚಿಸಿ, ಆ ಪ್ರತಿಜ್ಞೆಗಳು ಮನಸ್ಸಿನ ಶಾಂತಿಯನ್ನು ಕೆಡಿಸುವುದಕ್ಕಷ್ಟೇ ತಕ್ಕವೆಂದು ಹೇಳಿ ಆಕೆಯನ್ನು ಅವುಗಳಿಂದ ಬಿಡಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಆಕೆಗೆ ಬರೆದ ಪತ್ರದಲ್ಲಿ, ಎಲ್ಲವನ್ನೂ ಪ್ರೀತಿಯಿಂದ ಮಾಡಬೇಕು, ಬಲವಂತದಿಂದ ಯಾವುದನ್ನೂ ಮಾಡಬಾರದು ಎಂಬ ನಿಯಮವನ್ನು ಎದ್ದುಕಾಣುವ ದೊಡ್ಡ ಅಕ್ಷರಗಳಲ್ಲಿ ಬರೆದರು. ಆರು ವರ್ಷಗಳ ನಂತರ, 1610ರಲ್ಲಿ, ಇಬ್ಬರೂ ಸೇರಿ ಆನ್ಸಿಯಲ್ಲಿ ಸನ್ಯಾಸಿನಿಯರ ಹೊಸ ಸಭೆಯೊಂದನ್ನು ಸ್ಥಾಪಿಸಿದರು. ಇಂದು ಇಬ್ಬರೂ ಸಂತರು. ನಮ್ಮ ನಾಡಿನಲ್ಲಿ ಶಾಲೆಗಳನ್ನು ನಡೆಸುವ ಡಾನ್ ಬೋಸ್ಕೊ ಸಭೆಯವರು ಸಲೇಸಿಯನ್ನರೆಂದು ಕರೆಸಿಕೊಳ್ಳುವುದು ಈ ಫ್ರಾನ್ಸಿಸರ ಹೆಸರಿನಿಂದಲೇ.

ಆ ನಾಲ್ಕು ಪ್ರತಿಜ್ಞೆಗಳನ್ನು ಇಂದಿಗೂ ಬೇರೆ ಬೇರೆ ರೂಪದಲ್ಲಿ ಕೇಳುವವರಿದ್ದಾರೆ. ಯಾರನ್ನು ಮದುವೆಯಾಗಬೇಕು, ಯಾವ ಕೆಲಸ ಬಿಡಬೇಕು ಎಂಬುದನ್ನು ದೇವರೇ ತನಗೆ ತಿಳಿಸಿದ್ದಾರೆಂದು ಹೇಳುವವರು, ಬೇರೆಯವರ ಸಲಹೆ ಕೇಳಿದರೆ ಮುನಿಯುವವರು, ಕಾಣಿಕೆಯ ಮಾತನ್ನು ಮೊದಲೇ ಎತ್ತುವವರು, ಹೊತ್ತಲ್ಲದ ಹೊತ್ತಿನಲ್ಲಿ ಒಬ್ಬಳೇ ಬರಬೇಕೆನ್ನುವವರು, ಇಂಥವರಿಂದ ದೂರವಿರಿ. ಅವರು ಗುರುಗಳಾಗಲಿ, ಸಭಾಪಾಲಕರಾಗಲಿ, ಬೇರೆ ಯಾರೇ ಆಗಲಿ. ಕಥೋಲಿಕ ಸಭೆಯ ಕಾನೂನು ಕೂಡ ಇಲ್ಲಿ ಗಟ್ಟಿಯಾಗಿದೆ: ಕನ್ಯಾಮಠದ ಮುಖ್ಯಸ್ಥರು ತಮ್ಮ ಕೈಕೆಳಗಿನವರನ್ನು ಅಂತರಂಗ ಬಿಚ್ಚಿಡುವಂತೆ ಯಾವ ರೀತಿಯಲ್ಲೂ ಒತ್ತಾಯಿಸಬಾರದೆಂದು 630ನೆಯ ಕಟ್ಟಳೆಯೂ, ಸೆಮಿನರಿಯ ವಿದ್ಯಾರ್ಥಿಗೆ ದೀಕ್ಷೆ ಕೊಡಬೇಕೇ ಎಂದು ನಿರ್ಧರಿಸುವಾಗ ಅವನ ಆಧ್ಯಾತ್ಮಿಕ ಮಾರ್ಗದರ್ಶಕರ ಅಭಿಪ್ರಾಯವನ್ನು ಎಂದೂ ಕೇಳಬಾರದೆಂದು 240ನೆಯ ಕಟ್ಟಳೆಯೂ ವಿಧಿಸುತ್ತವೆ. ಮನಸ್ಸು ಬಿಚ್ಚುವ ಜಾಗದಲ್ಲಿ ಅಧಿಕಾರ ಸೇರಿಕೊಳ್ಳಬಾರದೆಂಬುದೇ ಇದರ ಉದ್ದೇಶ. ನಿಮ್ಮ ವಿಷಯದಲ್ಲಿ ಹೇಳುವುದಾದರೆ, ನೀವು ಕೆಲಸ ಮಾಡುವ ಶಾಲೆಯ ಆಡಳಿತದಲ್ಲಿರುವವರನ್ನು ಆರಿಸಿಕೊಳ್ಳಬೇಡಿ.

ಧಾರವಾಡದ ಸಹೋದರರ ಒಂದು ಮಾತಿಗೆ ಮಾತ್ರ ನನ್ನ ಒಪ್ಪಿಗೆಯಿಲ್ಲ. ಒಳ್ಳೆಯ ಮನಸ್ಸೊಂದೇ ಸಾಲದು. ಸ್ಪೇನಿನ ಸನ್ಯಾಸಿನಿ, ಅವಿಲಾದ ಸಂತ ತೆರೇಸಾ ಅವರು, ಅರೆಬರೆ ಕಲಿತ ಪಾಪನಿವೇದನಾ ಗುರುಗಳಿಂದ ತಮ್ಮ ಆತ್ಮಕ್ಕೆ ಬಹಳ ಹಾನಿಯಾಯಿತೆಂದು ಆತ್ಮಕಥೆಯಲ್ಲಿ ಬರೆದಿದ್ದಾರೆ. ಮಾರ್ಗದರ್ಶಕರಲ್ಲಿ ಅವರು ಹುಡುಕಿದ್ದು ವಿವೇಕ, ಅನುಭವ ಮತ್ತು ವಿದ್ಯೆ. ಮೂರೂ ಒಬ್ಬರಲ್ಲೇ ಸಿಗದಿದ್ದರೆ ಮೊದಲಿನ ಎರಡು ಇರಲೇಬೇಕು, ವಿದ್ಯೆಯನ್ನು ಬಲ್ಲವರಿಂದ ಕೇಳಿ ಪಡೆಯಬಹುದು ಎಂದರು.

ಕಿರುದೀಪ:

ಮೂವರಿಗೂ ಮನಃಪೂರ್ವಕ ಕೃತಜ್ಞತೆಗಳು. ಜೇನ್ ದ ಶಾಂತಾಲ್ ಅವರ ವೃತ್ತಾಂತವನ್ನು ಎರಡು ಸಲ ಓದಿದೆ. ಹಿರಿಯ ಧರ್ಮಭಗಿನಿಯೊಬ್ಬರನ್ನು ಕೇಳಬೇಕೆಂದು ಮನಸ್ಸು ಮಾಡಿದ್ದೇನೆ. ಎರಡು ಸಣ್ಣ ಸಂದೇಹಗಳಿವೆ. ಅವರ ಮನೆಮಾತು ಕೊಂಕಣಿ, ಧ್ಯಾನಕೂಟಗಳನ್ನು ನಡೆಸುವುದು ಇಂಗ್ಲಿಷಿನಲ್ಲಿ. ನನಗೆ ಪ್ರಾರ್ಥನೆ ಬರುವುದು ಕನ್ನಡದಲ್ಲಿ ಮಾತ್ರ. ಮೊದಲ ಭೇಟಿಯಲ್ಲಿ ಏನು ಹೇಳಬೇಕೆಂಬುದೂ ತೋಚುತ್ತಿಲ್ಲ.

ತುಂಗಾತೀರ:

ಅವರು ಕನ್ನಡವನ್ನು ಚೆನ್ನಾಗಿ ಅರ್ಥಮಾಡಿಕೊಳ್ಳಬಲ್ಲರೇ ಎಂದು ಮೊದಲೇ ನೇರವಾಗಿ ಕೇಳಿ. ಅವರು ಉತ್ತರಿಸುವ ಭಾಷೆ ಯಾವುದಾದರೂ ಆದೀತು. ಆದರೆ ಅಮ್ಮನನ್ನು ನೆನೆದು ನೀವು ಅಳುವ ಭಾಷೆಯಲ್ಲೇ ಮಾತನಾಡಲು ನಿಮಗೆ ಅವಕಾಶವಿರಬೇಕು. ಇಂಗ್ಲಿಷಿನಲ್ಲಿ ಹೇಳಬೇಕಾಗಿ ಬಂದರೆ ಅನೇಕರು ತಮ್ಮ ಅನುಭವವನ್ನು ಬಿಟ್ಟು, ಪುಸ್ತಕದಲ್ಲಿ ಓದಿದ ವಾಕ್ಯಗಳನ್ನು ಒಪ್ಪಿಸುವುದನ್ನು ನಾನು ಕಂಡಿದ್ದೇನೆ. ಅವರಿಗೆ ಅಷ್ಟು ಕನ್ನಡ ಬಾರದಿದ್ದರೆ, ಇನ್ನೊಬ್ಬರ ಹೆಸರನ್ನು ಸೂಚಿಸುವಂತೆ ಅವರನ್ನೇ ಕೇಳಲು ಸಂಕೋಚಪಡಬೇಡಿ.

ಮೊದಲ ಭೇಟಿಗೆ ದೊಡ್ಡ ಸಿದ್ಧತೆ ಬೇಡ. ಇಲ್ಲಿ ಪ್ರಶ್ನೆಯಾಗಿ ಬರೆದದ್ದನ್ನೇ ಅವರಿಗೆ ಹೇಳಿದರೆ ಸಾಕು. ಎಷ್ಟು ದಿನಕ್ಕೊಮ್ಮೆ ಭೇಟಿ, ಎಲ್ಲಿ, ಎಷ್ಟು ಹೊತ್ತು ಎಂಬುದನ್ನು ಅಂದೇ ಮಾತಾಡಿಕೊಳ್ಳಿ. ಅವರು ಕೇಳಿದ್ದನ್ನು ಗೋಪ್ಯವಾಗಿಡುತ್ತಾರೆಯೇ, ತಮ್ಮ ಸೇವೆಯ ಬಗ್ಗೆ ತಾವೂ ಹಿರಿಯರೊಬ್ಬರೊಡನೆ, ನಿಮ್ಮ ಹೆಸರು ಹೇಳದೆ, ಸಮಾಲೋಚಿಸುತ್ತಾರೆಯೇ ಎಂದು ವಿಚಾರಿಸಿ. ಒಳ್ಳೆಯ ಮಾರ್ಗದರ್ಶಕರು ಈ ಪ್ರಶ್ನೆಗಳಿಂದ ನೊಂದುಕೊಳ್ಳುವುದಿಲ್ಲ. ಮೂರು ನಾಲ್ಕು ತಿಂಗಳು ನೋಡಿ ಮುಂದುವರಿಸುವುದೋ ಬೇಡವೋ ಎಂದು ಇಬ್ಬರೂ ಕೂಡಿ ಯೋಚಿಸೋಣ ಎಂದು ಆರಂಭದಲ್ಲೇ ಹೇಳಿಡಿ. ಹಾಗೆ ಮಾಡಿದರೆ ಬಿಡಬೇಕಾದಾಗ ಯಾರ ಮನಸ್ಸೂ ನೋಯುವುದಿಲ್ಲ.

ಸ್ವಲ್ಪ ಕಾಲ ಕಳೆದ ಮೇಲೆ ನಿಮಗೆ ಮನಸ್ಸಾದರೆ, ಮೂವತ್ತು ದಿನ ರಜೆ ಹಾಕಲಾಗದವರಿಗಾಗಿ ಇಗ್ನೇಷಿಯಸರು ಹತ್ತೊಂಬತ್ತನೆಯ ಸೂಚನೆಯಲ್ಲಿ ಹೇಳಿರುವ ಕ್ರಮದ ಬಗ್ಗೆ ಅವರನ್ನು ಕೇಳಿ. ಮನೆಯಲ್ಲೇ ಇದ್ದು, ಕೆಲಸಕ್ಕೆ ಹೋಗುತ್ತಲೇ, ದಿನಕ್ಕೆ ಒಂದೂವರೆ ಗಂಟೆ ಮೀಸಲಿಟ್ಟು ಪೂರ್ಣ ಸಾಧನೆಯನ್ನು ಹಲವು ತಿಂಗಳುಗಳಲ್ಲಿ ಮಾಡುವ ಕ್ರಮ ಅದು. ಶಾಲೆಯ ಪರೀಕ್ಷೆಗಳು ಮುಗಿದ ನಂತರ ಆರಂಭಿಸುವುದು ನಿಮಗೆ ಅನುಕೂಲವಾಗಬಹುದು. ಸದ್ಯಕ್ಕೆ ಅದರ ಅವಸರವಿಲ್ಲ. ಈ ವಾರ ಅವರಿಗೆ ಒಂದು ಫೋನ್ ಮಾಡಿ.