ಮಂಡಿಗೆ ಮುಂಚೆ ಹೊಟ್ಟೆ ಆಪರೇಷನ್ನಾ? ಸೋಮವಾರಪೇಟೆ ಕಡೆಯ ಅಕ್ಕನಿಗೆ ಓದುಗರ ಸ್ಪಂದನ

ಅಕ್ಕ, ಮಂಡಿ ನೋವು ಅಂತ ಹೋದ್ರೆ ಮೊದ್ಲು ತೂಕ ಇಳಿಸೋ ಆಪರೇಷನ್ ಮಾಡಿಸ್ಕೊಳ್ಳಿ ಅಂತಾರೆ, ನನ್ನ ಸಾಗಹಾಕ್ತಿದ್ದಾರೆ ಅಂತ ಬರ್ದಿದ್ರಿ, ಹಾಗಂದ್ಕೋಬೇಡಿ. ನಮ್ಮತ್ತೆಗೂ ಇದೇ ಹೇಳಿದ್ರು, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) 40 ದಾಟಿತ್ತು, ತೋಟದ ಇಳಿಜಾರಲ್ಲಿ ಇಳಿಯೋವಾಗ ಒಂದೊಂದು ಕಾಫಿ ಗಿಡ ಹಿಡ್ಕೊಂಡು ಅಡ್ಡಡ್ಡ ಕಾಲಿಡ್ತಿದ್ರು. ಅಷ್ಟು ತೂಕದಲ್ಲಿ ಮಂಡಿ ಬದಲಾಯಿಸಿದ್ರೆ ಇನ್ಫೆಕ್ಷನ್ ಭಯ ಜಾಸ್ತಿ, ಜಾಯಿಂಟ್‌ಗೇ ತಗುಲಿದ್ರೆ ಹಾಕಿದ್ದನ್ನ ಮತ್ತೆ ತೆಗೀಬೇಕಾಗ್ಬಹುದು. ಮೆಲ್ಬರ್ನ್‌ನಲ್ಲಿ ಬಿಎಂಐ 35 ಇಲ್ಲವೇ ಅದಕ್ಕಿಂತ ಮೇಲಿದ್ದ 82 ಜನರನ್ನ ಎರಡು ಗುಂಪು ಮಾಡಿ ನೋಡಿದ್ರು, 2022ರಲ್ಲಿ ರಿಸಲ್ಟ್ ಬಂತು. ನೇರ ಮಂಡಿಗೆ ಹೋದ ಗುಂಪಲ್ಲಿ 15 ಜನಕ್ಕೆ ತೊಂದ್ರೆ ಆಯ್ತು, ಮೊದ್ಲು ಆಪರೇಷನ್‌ನಲ್ಲಿ ಜಠರ ಬಿಗಿಯೋ ಬ್ಯಾಂಡ್ ಹಾಕಿಸ್ಕೊಂಡವ್ರಲ್ಲಿ 6. ಈ ಬ್ಯಾಂಡ್ ಗುಂಪಲ್ಲೇ 12 ಜನ ನೋವು ಕಮ್ಮಿ ಆಯ್ತು, ಮಂಡಿ ಆಪರೇಷನ್ನೇ ಬೇಡ ಅಂದ್ರಂತೆ! ಈಗ ಬ್ಯಾಂಡ್ ಕಮ್ಮಿ, ಜಠರದ ಒಂದು ಭಾಗ ಕತ್ತರಿಸಿ ತೆಗೆಯೋ ಸ್ಲೀವ್ ಅಥವಾ ಊಟ ಹೋಗೋ ದಾರಿ ಬದಲಿಸೋ ಬೈಪಾಸ್ ಮಾಡೋದು, ಹಾಗಾಗಿ ಲೆಕ್ಕ ನಿಮ್ಗೆ ಹಾಗೇ ಹೊಂದಲ್ಲ. ಮತ್ತೆ ಇದು ಸುಲಭದ ದಾರೀನೂ ಅಲ್ಲ ಅಕ್ಕ, ಆ ಆಪರೇಷನ್ ಆದ್ಮೇಲೆ ಅತ್ತೆ ಈಗ ಪುತ್ತರಿ ಹಬ್ಬದ ದಿನಾನೂ ಒಂದೇ ಒಂದು ಕಡಂಬುಟ್ಟನ್ನ (ಅಕ್ಕಿ ಉಂಡೆ) ಚೂರು ಚೂರೇ ಅಗಿದು ತಿಂತಾರೆ, ಯಾರಾದ್ರೂ ಇನ್ನೊಂದು ಬಡಿಸೋಕೆ ಬಂದ್ರೆ ತಟ್ಟೆಗೆ ಕೈ ಅಡ್ಡ. ಬಿ12, ಐರನ್, ಕ್ಯಾಲ್ಸಿಯಂ ಮಾತ್ರೆ ಜೀವನಪೂರ್ತಿ, ಆಗಾಗ ರಕ್ತ ಪರೀಕ್ಷೆ. ಇದನ್ನೆಲ್ಲ ನಿಭಾಯಿಸ್ತೀನಿ ಅನ್ಸಿದ್ರೆ ಮಾತ್ರ ಹೂಂ ಅನ್ನಿ.
– ಗೋಣಿಕೊಪ್ಪದ ಓದುಗರು

ಮೇಲಿನವ್ರು ಹೇಳಿದ್ದು ಸರಿ, ಆದ್ರೆ ಇಷ್ಟು ಕೆಜಿ ಇಳಿಸ್ದೆ ಮಂಡಿ ಮುಟ್ಟೋದೇ ಇಲ್ಲ ಅಂದ್ರೆ ಒಪ್ಕೋಬೇಡಿ. 2023ರಲ್ಲಿ ಅಮೆರಿಕದ ಸಂಧಿವಾತ ತಜ್ಞರೂ ಜಾಯಿಂಟ್ ಸರ್ಜನ್‌ಗಳೂ ಸೇರಿ ಕೊಟ್ಟ ಸಲಹೆಯಲ್ಲಿ, ತೂಕ ಒಂದು ಗೆರೆಗೆ ಬರ್ಲಿ ಅಂತ ಮಾತ್ರಕ್ಕೇ ಆಪರೇಷನ್ ಮುಂದೂಡಬಾರ್ದು ಅಂತಿದೆ. ಆದ್ರೆ ಶುಗರ್ ಕಂಟ್ರೋಲ್‌ನಲ್ಲಿ ಇಲ್ದಿದ್ರೆ ಅದು ಸರಿಹೋಗೋವರೆಗೂ ಕಾಯೋದು ಒಳ್ಳೇದು ಅಂತಾರೆ. ನಿಮ್ಗೆ ಶುಗರ್ ಇದೆಯಾ ಬರ್ದಿಲ್ವಲ್ಲ? ಯಾವ್ದು ಮೊದ್ಲಾದ್ರೂ ಸರಿ, ತೊಡೆ ಸ್ನಾಯುವಿನ ವ್ಯಾಯಾಮ ಇವತ್ತೇ ಶುರು ಮಾಡಿ, ಕುರ್ಚಿಲಿ ಕೂತು ಕಾಲು ನೇರ ಚಾಚಿ ಸ್ವಲ್ಪ ಹೊತ್ತು ಹಿಡಿದು ಇಳ್ಸೋದು. ಮಳೆಗಾಲದಲ್ಲಿ ಹೊರಗೆ ನಡೆಯೋಕಾಗಲ್ಲ, ಇದಕ್ಕೆ ಅಡ್ಡಿ ಇಲ್ಲ.
– ವಿರಾಜಪೇಟೆಯಿಂದ ಒಬ್ಬ ಫಿಸಿಯೋಥೆರಪಿಸ್ಟ್

ಇನ್ಶೂರೆನ್ಸ್ ವಿಷ್ಯ ಯಾರೂ ಹೇಳ್ಲಿಲ್ಲ. ತೂಕದ ಆಪರೇಷನ್‌ಗೆ ಸಾಮಾನ್ಯವಾಗಿ ಬಿಎಂಐ 40 ಇರ್ಬೇಕು, ಇಲ್ಲ 35 ಇದ್ದು ಹೃದಯದ ಕಾಯಿಲೆ, ಕಂಟ್ರೋಲ್‌ಗೆ ಬರ್ದಿರೋ ಶುಗರ್, ನಿದ್ದೇಲಿ ಉಸಿರು ನಿಲ್ಲೋ ತೊಂದ್ರೆ ಈ ಥರ ಏನಾದ್ರೂ ಇರ್ಬೇಕು. ಬರೀ ಮಂಡಿ ನೋವು ಆ ಪಟ್ಟೀಲಿ ಇಲ್ಲ. ಆಪರೇಷನ್‌ಗೆ ಅಂತ ಮೈಸೂರಿಗೆ ಹೋಗೋ ಮುಂಚೇನೇ ಪಾಲಿಸಿ ತೆಗ್ದು ಓದ್ಕೊಳ್ಳಿ.
– ಕುಶಾಲನಗರದ ಓದುಗ